ಚುಕ್ಕಾಣಿಗೆ ಕಾಲು ತಾಗಿತು!

ಮೊದಲಿಗೆ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಕೈಬರಹ ಕಾಗೆಕಾಲು ಗುಬ್ಬಿಕಾಲು. ಶಾಲೆಯಲ್ಲಿ ಕಲಿತದ್ದು ಮರಾಠಿ, ಕನ್ನಡ ಬರೆಯಲು ಕಲಿಸಿದ್ದು ಅಡುಗೆಮನೆಯಲ್ಲಿ ಅತ್ತೆ. ಆದ್ದರಿಂದ ಪದಗಳು ಬಡವಾಗಿದ್ದರೆ, ಒತ್ತಕ್ಷರಗಳು ಅಲ್ಲಲ್ಲಿ ಕಾಲು ಜಾರಿದ್ದರೆ ದಯವಿಟ್ಟು ತಿದ್ದಿಕೊಂಡು ಓದಿ. ನಗು ಬಂದರೆ ನಕ್ಕುಬಿಡಿ. ಆ ಭಾನುವಾರ ಠಾಣೆಯ ಖಾಡಿಯ, ಅಂದರೆ ಕಡಲ ಹಿನ್ನೀರಿನ, ದಡದಲ್ಲಿ ನಿಂತಿದ್ದವರೆಲ್ಲ ಹೇಗೂ ನಕ್ಕಾಗಿದೆ.

ನನ್ನ ಹೆಸರು ನಿಶ್ಮಿತಾ. ಡೊಂಬಿವಲಿಯಲ್ಲಿ ಸೋದರಮಾವ ಮುಂಡಪ್ಪನವರ ಮನೆಯಲ್ಲಿ ಬೆಳೆದವಳು. ಹನ್ನೆರಡನೆಯ ತರಗತಿಯ ಮೌಖಿಕ ಪರೀಕ್ಷೆಯ ದಿನ ಕಾಲೇಜಿನ ಗೇಟಿನಿಂದಲೇ ತಿರುಗಿ ಮನೆಗೆ ಬಂದೆ, ಮತ್ತೆ ಹೋಗಲಿಲ್ಲ. ಹೊರಗಿನವರು ಯಾರ ಮುಂದೆಯೂ ನನಗೆ ಬಾಯಿ ಬಿಡಲು ಆಗುವುದಿಲ್ಲ. ಇಂಥ ನಾನು ಒಂದು ಬೆಳಿಗ್ಗೆ ಎದ್ದು, ಹಲ್ಲು ಕೂಡ ಉಜ್ಜದೆ, ಮನೆಯವರ ಮುಂದೆ ಘೋಷಿಸಿದೆ:

"ನಾನು ದೋಣಿ ಹುಟ್ಟುಹಾಕುವ ಸ್ಪರ್ಧೆಗೆ ಹೋಗ್ತೇನೆ. ದೇಶಕ್ಕೆ ಪದಕ ತರ್ತೇನೆ!"

ಮಾವ ಚಹಾದ ಲೋಟವನ್ನು ಕೆಳಗಿಟ್ಟರು. ಅತ್ತೆ ನನ್ನ ಹಣೆ ಮುಟ್ಟಿ ನೋಡಿದರು.

ಈ ವೀರಾವೇಶಕ್ಕೆ ಕಾರಣ ಗಲ್ಲಾ. ತುರ್ಭೆಯಲ್ಲಿ ಮಾವನಿಗೆ ಒಂದು ಸಣ್ಣ ಇಡ್ಲಿ-ವಡೆ ಹೋಟೆಲು ಇದೆ. ಬಾಗಿಲ ಬಳಿ ಹಣದ ಪೆಟ್ಟಿಗೆ, ಅದರ ಹಿಂದೆ ಒಂದು ಎತ್ತರದ ಸ್ಟೂಲು. ಅದೇ ಗಲ್ಲಾ. ಹಿಂದಿನ ರಾತ್ರಿ ಊಟದ ಹೊತ್ತಿಗೆ ಮಾವ ಹೇಳಿದ್ದರು: "ನಿಶ್ಮಿ, ಬರುವ ಸೋಮವಾರದಿಂದ ನೀನು ಗಲ್ಲಾದಲ್ಲಿ ಕೂತ್ಕೊ. ಮನೆಯಲ್ಲಿ ಇದ್ದು ಎಂತ ಮಾಡ್ತಿ?"

ಗಲ್ಲಾದಲ್ಲಿ ಕೂತವರು ದಿನವಿಡೀ ಮಾತಾಡಬೇಕು. ಲಾರಿಗೆ ಲೋಡು ತುಂಬುವ ಗಟ್ಟಿ ಗಂಟಲಿನ ಗಂಡಸರಿಗೆ ಅವರಿಗಿಂತ ಗಟ್ಟಿಯಾಗಿ "ಕ್ಯಾ ಖಾಯಾ?", ಏನು ತಿಂದಿರಿ, ಎಂದು ಕೇಳಬೇಕು. ನಾನು ಒಮ್ಮೆ ಅರ್ಧ ದಿನ ಕೂತು ನೋಡಿದ್ದೆ. ಬಿಲ್ಲು ಕೊಡಲು ಮರೆತು ಹೊರಟ ಒಬ್ಬರನ್ನು ಕರೆಯಲು ನಾಚಿಕೆಯಾಗಿ, ಅವರ ಹಿಂದೆಯೇ ಸ್ಟೇಶನ್ನಿನವರೆಗೂ ನಡೆದೆ. ಅವರು ಲೋಕಲ್ ಹತ್ತಿದರು. ನಾನು ಕೈಬೀಸಿ ಬೀಳ್ಕೊಟ್ಟು ಬಂದೆ!

ಆ ರಾತ್ರಿ ಮೊಬೈಲಿನಲ್ಲಿ ಒಂದು ವಿಡಿಯೋ ಕಂಡಿತು. ಬಳುಕುವ ಸಪೂರ ದೋಣಿ. ಅದರಲ್ಲಿ ಒಬ್ಬಳು ಹುಡುಗಿ. ಒಬ್ಬಳೇ! ಹಿಂದೆ ಮುಂದೆ ಯಾರೂ ಇಲ್ಲ, ಮಾತಾಡಿಸುವವರಿಲ್ಲ. ಅವಳು ತನ್ನ ಪಾಡಿಗೆ ನೀರು ತಳ್ಳುತ್ತಾ ಹೋದಳು, ಗೆದ್ದಳು, ಕೊರಳಿಗೆ ಪದಕ ಬಿತ್ತು. ಒಂದು ಮಾತೂ ಆಡದೆ ಒಲಿಂಪಿಕ್ಸ್ ತಲುಪಬಹುದು ಎಂದು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಕೆಳಗೆಯೇ ಇನ್ನೊಂದು ಸುದ್ದಿ: ಮಾಜಿವಾಡಾದಿಂದ ಒಳಗೆ, ಖಾಡಿಯ ದಡದ ಒಂದು ಕ್ಲಬ್ಬಿನಲ್ಲಿ ಭಾನುವಾರ ಹುಡುಗಿಯರ ತಂಡಕ್ಕೆ ಆಯ್ಕೆ. ಹೊಸಬರೂ ಬರಬಹುದು, ಈಜು ಬಂದರೆ ಸಾಕು. ಈಜು ನನಗೆ ಬರುತ್ತದೆ. ಈಜುವಾಗಲೂ ಮಾತಾಡಬೇಕಾಗಿಲ್ಲ, ಅದಕ್ಕೇ ಕಲಿತದ್ದು.

ಮಾವ ದೊಡ್ಡ ಮನಸ್ಸು ಮಾಡಿದರು. "ಆಯ್ತು. ಟೀಮಿಗೆ ಸೇರಿಸಿಕೊಂಡರೆ ಗಲ್ಲಾ ಮಾಫಿ. ಸೇರಿಸಿಕೊಳ್ಳದಿದ್ದರೆ ಸೋಮವಾರ ನನ್ನ ಜೊತೆ ತುರ್ಭೆಗೆ. ಒಪ್ಪಿಗೆಯಾ?"

ನಾನು ತಲೆಯಾಡಿಸಿದೆ. ನನ್ನ ಎಲ್ಲ ಒಪ್ಪಂದಗಳೂ ತಲೆಯಾಡಿಸಿಯೇ ಆಗುವುದು.

ಏನೇ ಮಾಡಿದರೂ ಸರಿಯಾಗಿ ತಿಳಿದುಕೊಂಡೇ ಮಾಡುವುದು ನನ್ನ ಅಭ್ಯಾಸ. ಅದೇ ಮುಳುವಾಯಿತು. ಆಟ ಒಂದೇ ಎಂದುಕೊಂಡಿದ್ದೆ. ನೋಡುತ್ತಾ ಹೋದ ಹಾಗೆ ಒಂದು ದೋಣಿಯ ಹೊಟ್ಟೆಯಿಂದ ಇನ್ನೊಂದು ದೋಣಿ ಹೊರಬರತೊಡಗಿತು! ಕಾಲು ಮುಂದೆ ಚಾಚಿ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ಎಡಬಲ ತಳ್ಳಿದರೆ ಕಯಾಕ್. ಒಂದು ಮೊಣಕಾಲೂರಿ ಒಂದೇ ಅಲಗಿನ ಹುಟ್ಟಿನಿಂದ ಒಂದೇ ಬದಿಗೆ ತಳ್ಳಿದರೆ ಕನೂ. ಇವನ್ನೇ ನೇರ ಓಡಿಸಿದರೆ ಸ್ಪ್ರಿಂಟ್. ನೊರೆಯುಕ್ಕುವ ನೀರಿನಲ್ಲಿ, ಮೇಲಿನಿಂದ ತೂಗುಬಿಟ್ಟ ಕೋಲುಗಳಿಗೆ ತಾಗದಂತೆ ನುಸುಳಿದರೆ ಸ್ಲಾಲಮ್. ನಡುವೆ ದಡಕ್ಕಿಳಿದು, ದೋಣಿಯನ್ನೇ ಹೊತ್ತು ಓಡಿ, ಮತ್ತೆ ನೀರಿಗಿಳಿದರೆ ಮ್ಯಾರಥಾನ್. ಚೆಂಡು ಎಸೆದಾಡಿದರೆ ಪೋಲೊ. ಹಲಗೆಯ ಮೇಲೆ ನಿಂತು ಹೋದರೆ ಅದೇ ಬೇರೆ ಆಟ. ಇಪ್ಪತ್ತು ಜನ ಒಂದರಲ್ಲೇ ತುಂಬಿಕೊಂಡರೆ ಡ್ರ್ಯಾಗನ್ ಬೋಟ್.

ಮನೆಯವರಿಗೆ ವಿವರಿಸಿದೆ. ಮನೆಯವರ ಹತ್ತಿರ ನನಗೆ ಮಾತು ಬರುತ್ತದೆ, ಸ್ವಲ್ಪ ಹೆಚ್ಚೇ ಬರುತ್ತದೆ.

"ದೋಣಿಯನ್ನು ಹೊತ್ತುಕೊಂಡು ಓಡುವುದಾ?" ಅತ್ತೆ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿದರು. "ದೋಣಿ ಇರುವುದು ನಮ್ಮನ್ನು ಹೊರಲಿಕ್ಕಲ್ವಾ ಮಾರಾಯ್ತಿ?"

"ಅದು ಮ್ಯಾರಥಾನ್ ಅತ್ತೆ. ನನ್ನದು ಅದಲ್ಲ."

"ಆ ನಿಂತುಕೊಂಡು ಹೋಗುವುದು ಚಂದ ಉಂಟು," ಎಂದರು ಮಾವ. "ಅದಕ್ಕೆ ಹೆಸರು ಕೊಡು. ಡೊಂಬಿವಲಿಯವರನ್ನು ನಿಂತುಕೊಂಡು ಹೋಗುವುದರಲ್ಲಿ ಯಾವ ದೇಶದವ ಸೋಲಿಸ್ತಾನೆ? ಇಪ್ಪತ್ತೈದು ವರ್ಷದಿಂದ ಲೋಕಲ್ಲಿನಲ್ಲಿ ಒಂದು ಕಾಲಲ್ಲಿ ನಿಂತು ಠಾಣೆ ದಾಟ್ತಿದ್ದೇನೆ ನಾನು!"

"ಪಪ್ಪಾ, ವೋ ಪಾನಿ ಪೆ ಖಡಾ ಹೋನಾ ಹೈ, ಆಂಟಿಲೋಗೋಂಕೆ ಪೈರ್ ಪೆ ನಹೀ," ಎಂದಳು ಮಾವನ ಮಗಳು ಸೌಜನ್ಯ; ನಿಲ್ಲಬೇಕಾದದ್ದು ನೀರಿನ ಮೇಲೆ, ಆಂಟಿಯರ ಕಾಲಿನ ಮೇಲಲ್ಲ ಅಂತ. ಅವಳಿಗೆ ಕನ್ನಡ, ತುಳು ಎಲ್ಲ ಅರ್ಥವಾಗುತ್ತದೆ. ಉತ್ತರ ಮಾತ್ರ ಹಿಂದಿಯಲ್ಲಿ.

"ನನ್ನದು ಕೆ-ವನ್," ಎಂದೆ ಗಂಭೀರವಾಗಿ. "ಕಯಾಕ್. ಒಬ್ಬರೇ ಕೂರುವುದು."

ತಾಲೀಮು ಶುರುವಾಯಿತು. ಗ್ಯಾಲರಿಯಲ್ಲಿ ಲಟ್ಟಣಿಗೆಯ ಮೇಲೆ ಮಣೆಯಿಟ್ಟು ಅದರ ಮೇಲೆ ಕೂತೆ. ದೋಣಿಯ ಓಲಾಟ ಬಂತು. ನೆಲ ಒರೆಸುವ ಕೋಲು ಹುಟ್ಟಾಯಿತು. ಕೆ-ವನ್ನಿನ ಚುಕ್ಕಾಣಿಯನ್ನು ತಿರುಗಿಸುವುದು ಕಾಲಿನಿಂದ; ಪಾದಗಳ ನಡುವೆ ಒಂದು ಸಣ್ಣ ಸಲಾಕೆ ಇರುತ್ತದೆ. ಅದರ ಬದಲು ಸೌಟನ್ನು ಇಟ್ಟುಕೊಂಡೆ. ಎಡಕ್ಕೊಂದು, ಬಲಕ್ಕೊಂದು, ಎಡಕ್ಕೊಂದು! ಬಲಕ್ಕೆ ಬೀಸಿದ ಕೋಲು ಒಣಗಲು ಹಾಕಿದ್ದ ಮಾವನ ಬನಿಯನ್ನನ್ನು ಕೆಳಗಿನ ಮಹಡಿಯವರ ತುಳಸಿ ಗಿಡಕ್ಕೆ ಉಡಿಸಿತು. ಎಡಕ್ಕೆ ಬೀಸಿದ್ದು ಅತ್ತೆಯ ಉಪ್ಪಿನಕಾಯಿ ಭರಣಿಯನ್ನು ಮುಟ್ಟಿ, ಪುಣ್ಯಕ್ಕೆ, ಮುಟ್ಟಿಯಷ್ಟೇ ಬಿಟ್ಟಿತು. ಆ ಸದ್ದಿಗೆ ಅತ್ತೆ ಓಡಿ ಬಂದರು. ಭರಣಿಯ ಕಡೆ ಅವರು ನೋಡಲೇ ಇಲ್ಲ. ಅವರ ಕಣ್ಣು ನನ್ನ ಪಾದದ ಮೇಲಿತ್ತು.

"ಅನ್ನ ಬಡಿಸುವ ಸೌಟಿಗೆ ಕಾಲಾ! ಮುಟ್ಟಿ ಕಣ್ಣಿಗೆ ಒತ್ತಿಕೋ ಮೊದಲು!"

ಒತ್ತಿಕೊಂಡೆ. ಪುಸ್ತಕಕ್ಕೋ ಧಾನ್ಯಕ್ಕೋ ಹಿರಿಯರಿಗೋ ಕಾಲು ತಾಗಿದರೆ ತಕ್ಷಣ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ನಮಗೆ ಯಾರೂ ಹೇಳಿಕೊಡುವುದಿಲ್ಲ. ಕೆಮ್ಮು ಬಂದ ಹಾಗೆ ತಾನಾಗಿ ಬರುತ್ತದೆ.

"ದೋಣಿಯಲ್ಲಿ ಹಾಗೇ ಅತ್ತೆ, ಚುಕ್ಕಾಣಿ ಕಾಲಿನಿಂದಲೇ."

ಅತ್ತೆ ಎದೆ ಮುಟ್ಟಿಕೊಂಡರು. ಅವರ ಅಪ್ಪ ಉಡುಪಿ ಕಡೆಯ ಒಂದು ಕಡವಿನಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದವರು. "ನನ್ನ ಅಪ್ಪ ದೋಣಿಗೆ ಕಾಲಿಡುವ ಮೊದಲು ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ತಿದ್ರು. ಹುಟ್ಟನ್ನು ಯಾರಾದರೂ ದಾಟಿದರೆ ಬೈತಿದ್ರು. ಚುಕ್ಕಾಣಿಗೆ ಕಾಲಾ! ಅನ್ನ ಕೊಟ್ಟದ್ದು ಅದು ನಮಗೆ. ಗೊತ್ತುಂಟಾ?"

ಗೊತ್ತಾಯಿತು. ಬೇಡದಷ್ಟು ಚೆನ್ನಾಗಿ ಗೊತ್ತಾಯಿತು.

ಭಾನುವಾರ ಬೆಳಿಗ್ಗೆ ನಾಲ್ವರೂ ಹೊರಟೆವು. ಕ್ಲಬ್ಬಿನ ಕೋಚ್ ಯೋಗೀಶ್ ಸರ್. ಕುಂದಾಪುರ ಮೂಲದವರಂತೆ, ಹುಟ್ಟಿ ಬೆಳೆದದ್ದೆಲ್ಲ ಕಲ್ಯಾಣದಲ್ಲಿ. ಮಾವ ಕನ್ನಡದಲ್ಲಿ ಮಾತಾಡಿಸಿದರೆ ಅವರು ಮರಾಠಿಯಲ್ಲಿ ನಕ್ಕರು. ಮಾವ ಚೀಲದಿಂದ ತೆಂಗಿನಕಾಯಿ ತೆಗೆದು, ನನ್ನ ದೋಣಿಯ ಮೂತಿಯ ಮೇಲೆ ಒಡೆಯಲು ಕೈ ಎತ್ತಿದರು.

"ಅಂಕಲ್! ಅಂಕಲ್! ಫೈಬರ್ ಹೈ! ಪಾಪಡ್ ಜೈಸಾ ಟೂಟೇಗಾ!" ಹಪ್ಪಳದಂತೆ ಒಡೆದೀತೆಂದು ಸರ್ ದೋಣಿಯ ಮೇಲೆ ಅಡ್ಡ ಮಲಗಿಯೇಬಿಟ್ಟರು. ಕಾಯಿಯನ್ನು ಪಕ್ಕದ ಕಲ್ಲಿಗೆ ಒಡೆದದ್ದಾಯಿತು. ಅತ್ತೆ ದೋಣಿಗೆ ಕುಂಕುಮ ಇಟ್ಟರು. ಆಯ್ಕೆಗೆ ಬಂದಿದ್ದ ಉಳಿದ ಹುಡುಗಿಯರು ತಮ್ಮ ದೋಣಿಗಳಿಗೂ ಕುಂಕುಮ ಕೇಳಿ ಇಡಿಸಿಕೊಂಡರು. ಅಲ್ಲಿಯವರೆಗೆ ಎಲ್ಲ ಶುಭವೇ.

ನಾನು ಲೈಫ್ ಜಾಕೆಟ್ ತೊಟ್ಟು ದೋಣಿಯಲ್ಲಿ ಕೂತೆ. ಸರ್ ಮೊಣಕಾಲುದ್ದದ ನೀರಿನಲ್ಲಿ ನಿಂತು ದೋಣಿಯನ್ನು ಹಿಡಿದಿದ್ದರು. "ಸೀಧಾ ಬೈಠೋ. ಸಾಮ್ನೆ ದೇಖೋ. ಪೈರ್ ಸೆ ರಡರ್. ಛೋಡೂಂ?" ನೇರ ಕೂತು ಮುಂದೆ ನೋಡು, ಚುಕ್ಕಾಣಿ ಕಾಲಿನಿಂದ, ಬಿಡಲೇ ಎಂದು ಕೇಳಿದರು.

ತಲೆಯಾಡಿಸಿದೆ. ಅವರು ಬಿಟ್ಟರು. ದೋಣಿ ನಡುಗಿತು, ನಿಂತಿತು. ಎಡಕ್ಕೊಂದು ಹಾಕಿದೆ. ಬಲಕ್ಕೊಂದು ಹಾಕಿದೆ. ನಾನು ಹೋಗುತ್ತಿದ್ದೆ! ಒಬ್ಬಳೇ! ಮೌನವಾಗಿ! ಒಲಿಂಪಿಕ್ಸಿನ ಕಡೆಗೆ! ಆಗ ನನ್ನ ಬಲಗಾಲಿನ ಹೆಬ್ಬೆರಳು ಚುಕ್ಕಾಣಿಯ ಸಲಾಕೆಗೆ ತಾಗಿತು.

ಕೈ ನನ್ನ ಅಪ್ಪಣೆ ಕೇಳಲಿಲ್ಲ. ಬಗ್ಗಿತು, ಮುಟ್ಟಿತು, ಕಣ್ಣಿನ ಕಡೆಗೆ ಹೊರಟಿತು. ಕೈ ಕಣ್ಣನ್ನು ತಲುಪಿದಾಗ ಕಣ್ಣು ನೀರಿನೊಳಗಿತ್ತು.

ಸರ್ ನನ್ನನ್ನು ಎತ್ತಿ ಕೂರಿಸಿದರು. ಎರಡನೆಯ ಸಲ ಇನ್ನೂ ಜಾಗ್ರತೆಯಾಗಿ ಕೂತೆ. ಕಾಲನ್ನು ತಾಗಿಸದೇ ಇರಲು ನೋಡಿದೆ. ದೋಣಿ ನೇರ ಮ್ಯಾಂಗ್ರೋವ್ ಗಿಡಗಳ ಕಡೆಗೆ ಹೊರಟಿತು. ತಿರುಗಿಸಲೇಬೇಕು. ತಾಗಿಸಿದೆ. ಬಗ್ಗಿದೆ. ಮುಳುಗಿದೆ. ಮೂರನೆಯ ಸಲ, ಮೊದಲೇ ಮುಟ್ಟಿ ಕಣ್ಣಿಗೊತ್ತಿಕೊಂಡು ಒಟ್ಟಾರೆ ಕ್ಷಮೆ ಕೇಳಿಬಿಟ್ಟರೆ ಸಾಲದೇ ಎಂದುಕೊಂಡೆ. ಹಾಗೆಯೇ ಮಾಡಿದೆ. ದೋಣಿ ಹೊರಡುವ ಮೊದಲೇ ಮುಳುಗಿದೆ.

ದಡದಲ್ಲಿ ಗುಂಪು ಸೇರಿತು. ಸರ್ ಮುಖದಲ್ಲಿ ಶುದ್ಧ ಗೊಂದಲ: ಇದೆಂಥ ಟೆಕ್ನಿಕ್, ಕೆಳಗೆ ಏನು ಹುಡುಕುತ್ತಿದ್ದಾಳೆ, ಏನಾದರೂ ಬಿದ್ದುಹೋಯಿತೇ? "ಹೇ ಕಾಯ್ ಟೆಕ್ನಿಕ್ ಆಹೇ? ನೀಚೆ ಕ್ಯಾ ಢೂಂಢ್ ರಹೀ ಹೋ? ಕುಛ್ ಗಿರ್ ಗಯಾ?"

ಹೇಳಬೇಕಾದದ್ದು ಒಂದೇ ವಾಕ್ಯ. ಅದು ನಾಲಗೆಯ ತುದಿಯವರೆಗೂ ಬಂತು. ಅಷ್ಟರಲ್ಲಿ ಎಲ್ಲರೂ ನನ್ನನ್ನೇ ನೋಡಿದರು. ವಾಕ್ಯ ತಿರುಗಿ ಒಳಗೆ ಹೋಯಿತು. ನಾನು ತಲೆಯಾಡಿಸಿದೆ.

"ಕಮರ್ ಮೇ ದರ್ದ್ ಹೈ?"

ಅದಕ್ಕೂ ತಲೆಯಾಡಿಸಿದೆ. ಇನ್ನು ಯಾವ ಪ್ರಶ್ನೆಯೂ ಬಾರದಿರಲಿ ಎಂದು. ತಕ್ಷಣ ಯಾರೋ ನನ್ನ ಸೊಂಟಕ್ಕೆ ನೋವಿನ ಸ್ಪ್ರೇ ಹೊಡೆದರು. ದಡದಿಂದ ಅತ್ತೆ ಕೂಗಿದರು: "ಸೊಂಟಕ್ಕೆ ಎಂತ ಆಯ್ತಾ? ಅಯ್ಯೋ, ಈ ಮಗುವಿಗೆ ಸೊಂಟ ನೋವು ಉಂಟಂತ ನನಗೆ ಗೊತ್ತೇ ಇಲ್ವಲ್ಲ!" ಮಾವ ಆಗಲೇ ಯಾರಿಗೋ ಫೋನ್ ಮಾಡಿ ಒಳ್ಳೆಯ ತೈಲದ ಹೆಸರು ಕೇಳುತ್ತಿದ್ದರು.

ಸರ್ ಯೋಚಿಸಿ ನನ್ನನ್ನು ಕನೂ ದೋಣಿಗೆ ಹಾಕಿದರು. ಅದರಲ್ಲಿ ಚುಕ್ಕಾಣಿಯೇ ಇಲ್ಲ! ನಾನು ಹಿಗ್ಗಿದೆ. ಮೊಣಕಾಲೂರಿ ಕೂತೆ. ಆದರೆ ಚುಕ್ಕಾಣಿ ಇಲ್ಲದ ದೋಣಿಯನ್ನು ಹುಟ್ಟಿನ ತುದಿ ತಿರುಚಿ ನೇರ ಇಡಬೇಕಂತೆ, ಅದನ್ನು ಕಲಿಯಲು ತಿಂಗಳುಗಳು ಬೇಕಂತೆ. ಒಂದೇ ಬದಿಗೆ ತಳ್ಳಿದೆ. ದೋಣಿ ಒಂದೇ ಕಡೆಗೆ ತಿರುಗಿತು. ತಿರುಗಿತು, ತಿರುಗುತ್ತಲೇ ಇತ್ತು. ದೇವರಿಗೆ ಪ್ರದಕ್ಷಿಣೆ ಬಂದಂತೆ ಒಂದೇ ಜಾಗದಲ್ಲಿ ಸುತ್ತುತ್ತಾ, ಪ್ರತಿ ಸುತ್ತಿಗೂ ದಡದ ಮೇಲಿನ ಅತ್ತೆ, ಮಾವ, ಮೊಬೈಲು ಹಿಡಿದ ಸೌಜನ್ಯ, ತಲೆ ಮೇಲೆ ಕೈಹೊತ್ತ ಸರ್, ಮತ್ತೆ ಅತ್ತೆ ಎಂದು ದರ್ಶನ ಪಡೆದೆ.

"ಚಕ್ಕರ್ ಭೀ ಆತೇ ಹೈ ಕ್ಯಾ ಇಸ್ಕೋ?" ಇವಳಿಗೆ ತಲೆಯೂ ತಿರುಗುತ್ತದಾ ಎಂದು ಸರ್ ಮಾವನನ್ನು ಕೇಳಿದರು.

"ಬೆಳಿಗ್ಗೆ ಒಂದೇ ಬಾಳೆಹಣ್ಣು ತಿಂದದ್ದು ಸರ್," ಎಂದರು ಮಾವ ದುಃಖದಿಂದ.

ನನಗೆ ಸೋಮವಾರ ಕಾಣತೊಡಗಿತು. ಗಲ್ಲಾ ಕಂಡಿತು. ಎತ್ತರದ ಸ್ಟೂಲು ಕಂಡಿತು. ಕಣ್ಣಲ್ಲಿ ನೀರು ಬಂತು. ಹೇಗೂ ಮೈಯೆಲ್ಲ ನೀರಾಗಿದ್ದರಿಂದ ಯಾರಿಗೂ ತಿಳಿಯಲಿಲ್ಲ.

ಸರ್‌ಗೆ ಕನಿಕರ ಬಂದಿರಬೇಕು. ಕೊನೆಯ ಅವಕಾಶವೆಂದು ನನ್ನನ್ನು ಡ್ರ್ಯಾಗನ್ ಬೋಟಿಗೆ ಹತ್ತಿಸಿದರು. ಮೂತಿಯಲ್ಲಿ ಹಲ್ಲು ಕಿರಿದ ಹಾವಿನಂಥ ತಲೆ. ಇಬ್ಬಿಬ್ಬರಂತೆ ಹತ್ತು ಸಾಲು. ಒಬ್ಬಳೇ ಇರಬೇಕೆಂದು ಹೊರಟವಳು ಹತ್ತೊಂಬತ್ತು ಹೆಂಗಸರ ನಡುವೆ ಕೂತೆ! ಹಿಂದೆ ಸರ್ ಉದ್ದದ ಚುಕ್ಕಾಣಿ ಹಿಡಿದು ನಿಂತರು. ಎದುರಿಗೆ, ಮೂತಿಯ ಬಳಿ, ನಮ್ಮ ಕಡೆ ಮುಖ ಮಾಡಿ ಕೂತು ತಾಳಕ್ಕೆ ಡೋಲು ಬಡಿಯುವವರೊಬ್ಬರು ಬೇಕು. ಆ ದಿನ ಆ ಹುಡುಗಿ ಬಂದಿರಲಿಲ್ಲ. ಹಗುರವಾಗಿ ಕಂಡಳೆಂದು ಸೌಜನ್ಯಳನ್ನೇ ಕೂರಿಸಿದರು. ಅವಳು ಒಂದು ಕೈಯಲ್ಲಿ ಡೋಲು ಬಡಿಯುತ್ತಾ, ಇನ್ನೊಂದು ಕೈಯಲ್ಲಿ ನಮ್ಮ ವಿಡಿಯೋ ತೆಗೆಯತೊಡಗಿದಳು.

ನನ್ನ ಮುಂದಿನ ಸಾಲಿನಲ್ಲಿ ಎಲ್ಲರ ಚಿಕ್ಕಮ್ಮ ಮೋಹಿನಿ ಕಾಕೂ. ಅರವತ್ತು ದಾಟಿದವರು, ಬಿಳಿ ಕೂದಲು, ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಈ ಆಟ ಹಿಡಿದವರಂತೆ. ಡೋಲು ಬಡಿಯಿತು. ಎಲ್ಲರೂ ಮುಂದೆ ಬಾಗಿದೆವು. ನನ್ನ ಕಾಲು ಜಾರಿ ಕಾಕೂ ಅವರ ಬೆನ್ನಿಗೆ ತಾಗಿತು.

ಹಿರಿಯರು! ಹುಟ್ಟು ಬಿಟ್ಟು ಅವರ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ.

"ಅಗ, ಕಾಹೀ ನಾಹೀ ಗ ಬಾಳಾ," ಎಂದು ಕಾಕೂ ಹಿಂದೆ ತಿರುಗಿ ನನ್ನ ತಲೆ ಸವರಿದರು. ಅವರು ತಿರುಗಿದಾಗ ಅವರ ಹುಟ್ಟು ಪಕ್ಕದವರ ಮಂಡಿಗೆ ಬಡಿಯಿತು. ಕಾಕೂ ಅವರ ಮಂಡಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ತಾಳ ತಪ್ಪಿದ ನನ್ನ ಹುಟ್ಟಿಗೆ ಹಿಂದಿನವರ ಹುಟ್ಟು ಸಿಕ್ಕಿಕೊಂಡಿತು; ಅವರು "ಸಾರಿ, ಸಾರಿ" ಎನ್ನುತ್ತಾ ನನ್ನ ಹೆಗಲು ಮುಟ್ಟಿದರು, ಅವರ ಕಾಲು ನನಗೆ ತಾಗಿತು, ಅವರೂ ಒತ್ತಿಕೊಂಡರು. ಒಂದು ನಿಮಿಷದಲ್ಲಿ ಇಡೀ ದೋಣಿಯಲ್ಲಿ ಒಬ್ಬರೂ ನೀರು ತಳ್ಳುತ್ತಿರಲಿಲ್ಲ! ಇಪ್ಪತ್ತು ಜನರೂ ಪರಸ್ಪರ ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆವು. ದಡದಿಂದ ನೋಡಿದವರಿಗೆ ನಾವು ಯಾವುದೋ ಸಾಮೂಹಿಕ ಪೂಜೆಗೆ ಖಾಡಿಗಿಳಿದಂತೆ ಕಂಡಿತಂತೆ.

ಇಳಿತದ ನೀರು ದೋಣಿಯನ್ನು ಎಳೆಯುತ್ತಿತ್ತು. ನಾನು ಕಣ್ಣಿಗೊತ್ತಿಕೊಂಡ ಕೈ ತೆಗೆದಾಗ ಸೌಜನ್ಯಳ ತಲೆಯ ಹಿಂದೆ ಕಬ್ಬಿಣದ ಗೋಡೆಯೊಂದು ಬರುತ್ತಿತ್ತು. ಲಂಗರು ಹಾಕಿ ನಿಂತ ಮರಳಿನ ದೊಡ್ಡ ದೋಣಿ! ಅವಳಿಗೆ ಅದು ಬೆನ್ನ ಹಿಂದೆ. ಅವಳು ನಗುತ್ತಾ ವಿಡಿಯೋ ತೆಗೆಯುತ್ತಿದ್ದಳು. ಹಿಂದಿನಿಂದ ಸರ್ "ರುಕೋ! ಥಾಂಬಾ! ಸ್ಟಾಪ್!" ಎಂದು ಮೂರು ಭಾಷೆಗಳಲ್ಲಿ ಕೂಗುತ್ತಿದ್ದರು, ಇಪ್ಪತ್ತು ಜನರ "ಸಾರಿ"ಗಳ ನಡುವೆ ಅದು ಯಾರಿಗೂ ಕೇಳಲಿಲ್ಲ.

ಆಗ ಒಂದು ಧ್ವನಿ ಬಂತು.

"ಹುಟ್ಟು ಹಿಡೀರಿ! ಹಿಂದೆ ತಳ್ಳಿ! ಹಿಂದೆ! ಒಂದ್! ಎರಡ್! ಒಂದ್! ಎರಡ್! ಸೌಜೂ, ಮೊಬೈಲ್ ಬಿಸಾಡು, ಡೋಲು ಹೊಡಿ!"

ಎಂಥ ಧ್ವನಿ! ಮ್ಯಾಂಗ್ರೋವ್ ಗಿಡಗಳಿಂದ ಕೊಕ್ಕರೆಗಳು ಎದ್ದು ಹಾರಿದವು. ಯಾರಪ್ಪ ಇದು ಎಂದು ನಾನೂ ಆಚೀಚೆ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆದಿದ್ದದ್ದು ನನ್ನದು!

ಕನ್ನಡ ಬಾರದ ಹತ್ತೊಂಬತ್ತು ಹೆಂಗಸರಿಗೂ ಅರ್ಥವಾಯಿತು. ಇಪ್ಪತ್ತು ಹುಟ್ಟುಗಳು ಒಟ್ಟಿಗೆ ಬಿದ್ದವು. ದೋಣಿ ನಿಂತಿತು, ಹಿಂದಕ್ಕೆ ಸರಿಯಿತು. ಹಾವಿನ ತಲೆಗೂ ಕಬ್ಬಿಣದ ಗೋಡೆಗೂ ನಡುವೆ ಒಂದು ಮೊಳ ಜಾಗ ಉಳಿದಿತ್ತು. ಸೌಜನ್ಯ ಆಗ ಹಿಂದೆ ತಿರುಗಿ ನೋಡಿ, ಹುಟ್ಟಿದಾಗಿನಿಂದ ಮೊದಲ ಬಾರಿಗೆ ಶುದ್ಧ ತುಳುವಿನಲ್ಲಿ ಅಮ್ಮನನ್ನು ಕರೆದು "ಅಪ್ಪೇ!" ಎಂದಳು.

ದಡಕ್ಕೆ ಬಂದ ಕೂಡಲೇ ಸರ್ ನೀರಿಗೆ ಹಾರಿ ಓಡಿ ಬಂದರು. "ತೋ ಆವಾಜ್ ಕೋಣಾಚಾ ಹೋತಾ?"

ಆ ಧ್ವನಿ ಯಾರದೆಂದು ಕೇಳಿದ್ದಕ್ಕೆ ಇಪ್ಪತ್ತು ಬೆರಳುಗಳು ನನ್ನ ಕಡೆ ತಿರುಗಿದವು. ಇಪ್ಪತ್ತರಲ್ಲಿ ಒಂದು ನನ್ನದೇ. ಗಾಬರಿಯಲ್ಲಿ ನಾನೂ ತೋರಿಸಿಕೊಂಡಿದ್ದೆ.

"ಸರ್," ಎಂದೆ. ಒಮ್ಮೆ ತೆರೆದ ಬಾಯಿ ಮುಚ್ಚಲು ಕೇಳುತ್ತಿರಲಿಲ್ಲ. "ನನಗೆ ಸೊಂಟ ನೋವಿಲ್ಲ. ತಲೆ ತಿರುಗುವುದೂ ಇಲ್ಲ. ಚುಕ್ಕಾಣಿಗೆ ಕಾಲು ತಾಗಿತು, ಅದಕ್ಕೇ ಕಣ್ಣಿಗೆ ಒತ್ತಿಕೊಂಡದ್ದು."

ಸರ್, ಅಲ್ಲಿಯವರೆಗೆ ಮರೆತೇಹೋಗಿದ್ದ ಕುಂದಾಪುರವೆಲ್ಲ ಒಮ್ಮೆಲೇ ನೆನಪಾದಂತೆ, "ಅದನ್ನ್ ಆಗ್ಳೇ ಹೇಳುಕಾತಿಲ್ಯಾ ಹೆಣೆ!", ಆಗಲೇ ಹೇಳಬಾರದಿತ್ತಾ ಹುಡುಗೀ, ಎಂದು ನೆಲಕ್ಕೆ ಕೂತು ನಕ್ಕರು.

ನಾನು ಆಯ್ಕೆಯಾದೆ! ಹುಟ್ಟು ಹಾಕಲು ಅಲ್ಲ. ಡೋಲು ಬಡಿಯಲು. ದೋಣಿಯ ಮೂತಿಯಲ್ಲಿ, ಇಪ್ಪತ್ತು ಜನರಿಗೆ ಮುಖ ಕೊಟ್ಟು, ಅವರೆಲ್ಲ ನನ್ನನ್ನೇ ನೋಡುತ್ತಿರುವಾಗ, ಗಂಟಲು ಹರಿಯುವಂತೆ ಕೂಗಲು. ಇಷ್ಟೆಲ್ಲ ಬಗೆಯ ದೋಣಿಯಾಟಗಳನ್ನು ಹುಡುಕಿ ಹುಡುಕಿ ಓದಿದ್ದೆನಲ್ಲ, ಅವುಗಳಲ್ಲೆಲ್ಲ ಬಾಯಿಯಿಂದ ಆಡುವ ಜಾಗ ಇರುವುದು ಅದೊಂದೇ!

ವಾಪಸು ಬರುವಾಗ ಲೋಕಲ್ಲಿನಲ್ಲಿ ಮಾವ ಬೇಸರದಲ್ಲಿದ್ದರು. ಆದರೆ ಕೊಟ್ಟ ಮಾತಿಗೆ ತಪ್ಪುವವರಲ್ಲ. "ಆಯ್ತು ಮಗಾ. ಟೀಮಿಗೆ ಸೇರಿದಿ. ಗಲ್ಲಾ ಮಾಫಿ. ನಾನು ಬೇರೆ ಯಾರನ್ನಾದರೂ ನೋಡ್ತೇನೆ."

ನಾನು ಗೆದ್ದಿದ್ದೆ. ಕಿಟಕಿಯ ಕಡೆ ಮುಖ ಮಾಡಿ, ಆ ಗೆಲುವನ್ನು ಸದ್ದಿಲ್ಲದೆ ಸವಿಯಬೇಕೆಂದುಕೊಂಡೆ. ಅತ್ತೆ ನನ್ನ ಒದ್ದೆ ಕೂದಲನ್ನು ಸೆರಗಿನಿಂದ ಒರೆಸುತ್ತಿದ್ದರು. ಒರೆಸುತ್ತಲೇ ಕೇಳಿದರು:

"ಅಲ್ಲ ನಿಶ್ಮಿ, ನನಗೊಂದು ಅರ್ಥ ಆಗ್ಲಿಲ್ಲ. ಇಪ್ಪತ್ತು ಹೆಂಗಸರ ಮುಖಕ್ಕೆ ಮುಖ ಕೊಟ್ಟು ಕಿರುಚುವವಳಿಗೆ ಎರಡು ಇಡ್ಲಿಯ ಬಿಲ್ಲು ಕೇಳಲಿಕ್ಕೆ ಎಂತ ನಾಚಿಕೆ?"

ಮುಂಬ್ರಾ ದಾಟಿತು, ದಿವಾ ದಾಟಿತು, ಕೋಪರ್ ದಾಟಿತು. ಡೊಂಬಿವಲಿ ಬಂದಾಗ ಮಾವನ ಕಡೆ ತಿರುಗಿ, ಗಲ್ಲಾಕ್ಕೆ ಬರುತ್ತೇನೆಂದು ತಲೆಯಾಡಿಸಿದೆ.

ಭಾನುವಾರ ಬೆಳಿಗ್ಗೆ ಮಾಜಿವಾಡಾಕ್ಕೆ ಹೋಗಿ ಡೋಲು ಬಡಿಯುತ್ತೇನೆ. ಉಳಿದ ದಿನ ಮಾವನ ಜೊತೆ ತುರ್ಭೆಗೆ ಹೋಗಿ ಗಲ್ಲಾದಲ್ಲಿ ಕೂರುತ್ತೇನೆ.